ಅರ್ಧ ಕಿಲೋ ಗಸಗಸೆ

ಕುವೈತಿಗೆ ಮೊದಲ ಸಲ ಬಂದಿಳಿದ ಕಲ್ಲವ್ವ ವಿಮಾನ ನಿಲ್ದಾಣದ ಗಾಜಿನ ಬಾಗಿಲು ದಾಟಿ ಒಬ್ಬಳೇ ಹೊರಗೆ ಬಂದಳು. ಕೂತಿದ್ದು ಗಾಲಿಕುರ್ಚಿಯಲ್ಲಿ. ತಲೆಯ ಮೇಲೆ ಸೆರಗು, ಕೈಯಲ್ಲಿ ಪಾಸ್‌ಪೋರ್ಟು, ಮುಖದ ತುಂಬ ನಗು. ಕುರ್ಚಿ ತಳ್ಳುತ್ತಿದ್ದ ನೇಪಾಳದವನ ಊರು, ಹೆಂಡತಿ, ಮಕ್ಕಳ ವಿಚಾರವನ್ನೆಲ್ಲ ಆಕೆ ದಾರಿಯುದ್ದಕ್ಕೂ ಕನ್ನಡದಲ್ಲೇ ಕೇಳಿಕೊಂಡು ಬಂದಿದ್ದಳು. ಅವನೂ ಪಾಪ ತಲೆಯಾಡಿಸಿಕೊಂಡು ಬಂದಿದ್ದ.

“ಅವರೆಲ್ಲಿ ಅತ್ತಿ?” ಎಂದಳು ಎದುರುಗೊಳ್ಳಲು ಬಂದಿದ್ದ ಸೊಸೆ ಶೈಲಾ.

“ಹಿಂದ ಬರಾಕತ್ತಾನವ್ವ ನಿನ್ನ ಗಂಡ. ನನ್ನ ಚೀಲಾ ಬಿಚ್ಚಿ ನೋಡಾಕತ್ತಿದ್ರು. ನೀ ಮುಂದ ನಡಿ ಅಂದ.”

ಆ ಚೀಲದಲ್ಲಿ ಏನಿದೆ ಎಂಬುದು ಅಲ್ಲಿದ್ದವರ ಪೈಕಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ತಂದವಳಿಗೆ ಮತ್ತು ತರಿಸಿದವಳಿಗೆ.

ಕಥೆ ಇಷ್ಟೇ. ಕನ್ನಡ ಸಂಘದ ದೀಪಾವಳಿಗೆ ಶೈಲಾ ಇನ್ನೂರು ಕರ್ಜಿಕಾಯಿ ಮಾಡಿಕೊಡುತ್ತೇನೆಂದು ಒಪ್ಪಿಕೊಂಡಿದ್ದಳು. ಹಿಂದಿನ ವರ್ಷ ಬೆಳಗಾವಿಯವರ ಕರ್ಜಿಕಾಯಿಯನ್ನು ಎಲ್ಲರೂ ಬಾಯಿ ತುಂಬ ಹೊಗಳಿದ್ದು ಅವಳಿಗೆ ನುಂಗಲಾಗದ ತುತ್ತಾಗಿತ್ತು. ಬಾಗಲಕೋಟೆ ಜಿಲ್ಲೆಯ ಕೈರುಚಿ ಏನೆಂದು ತೋರಿಸಬೇಕಿತ್ತು, ಗಸಗಸೆಯಿಲ್ಲದೆ ಅದು ಆಗುವಂತಿರಲಿಲ್ಲ. ಈ ದೇಶಕ್ಕೆ ಗಸಗಸೆ ತರಬಾರದು, ಅಫೀಮಿನ ಲೆಕ್ಕಕ್ಕೆ ಸೇರಿಸುತ್ತಾರೆ ಎಂದು ವಿವೇಕ ಹತ್ತು ಸಲ ಹೇಳಿದ್ದ. ಆದರೆ ಯಾರ್ಯಾರೋ ತರುತ್ತಿದ್ದರು, ಯಾರೂ ಸಿಕ್ಕಿಬಿದ್ದಿರಲಿಲ್ಲ. ವಿವೇಕ ರಜೆಗೆ ಊರಿಗೆ ಹೋಗಿ, ಬರುವಾಗ ತಾಯಿಯನ್ನು ಮೂರು ತಿಂಗಳ ಮಟ್ಟಿಗೆ ಕರೆತರುತ್ತೇನೆ ಎಂದಾಗ, ಶೈಲಾ ಅತ್ತೆಯ ಫೋನಿಗೆ ವಾಟ್ಸಾಪಿನಲ್ಲಿ ಮಾತು ರೆಕಾರ್ಡು ಮಾಡಿ ಕಳಿಸಿದಳು. “ಅತ್ತಿ, ಅರ್ಧ ಕಿಲೋ ಗಸಗಸಿ ರೊಟ್ಟಿ ಗಂಟಿನಾಗ ಇಟ್ಕೊಂಡು ಬರ್ರಿ. ಅವರಿಗೆ ಹೇಳಬ್ಯಾಡ್ರಿ, ಸುಮ್ನ ಬೈತಾರ. ಸಂಘದವರಿಗೆ ಕರ್ಜಿಕಾಯಿ ಮಾಡಿ ತೋರಸ್ತೀನಿ.”

ಸೊಸೆ ಬಾಯಿಬಿಟ್ಟು ಕೇಳಿದ್ದು ಅದೇ ಮೊದಲು. ಕಲ್ಲವ್ವ ಖುಷಿಯಿಂದಲೇ ತಂದಿದ್ದಳು.

ಮಧ್ಯಾಹ್ನ ದಾಟಿತು. ಶೈಲಾಳ ಜತೆ ಬಂದಿದ್ದ ಮಗಳು ಡಾನಿ ಎರಡು ಸಲ ಬರ್ಗರ್ ತಿಂದಳು. ಗುಡ್ಡಾಪುರದ ದಾನಮ್ಮನ ಹೆಸರಿಟ್ಟ ಹುಡುಗಿ ಅದು. ಶಾಲೆಗೆ ಸೇರಿದ ವಾರದಲ್ಲೇ ದೇವಿಯನ್ನು ಕತ್ತರಿಸಿ ಡಾನಿಯಾಗಿದ್ದಳು, ಈಗ ಹದಿನಾಲ್ಕು. ಕೊನೆಗೆ ಶೈಲಾಳ ಫೋನು ಬಡಿದುಕೊಂಡಿತು.

“ನೀವು ಮನೀಗೆ ಹೋಗ್ರಿ,” ಎಂದ ವಿವೇಕ. “ಸ್ವಲ್ಪ ತಡಾ ಆಗ್ತದ. ಅವ್ವಗ ಊಟಾ ಮಾಡಸು.”

ಆ ತಡ ಐದು ವಾರಕ್ಕೆ ಹೋಯಿತು.

ಗಸಗಸೆಗಾಗಿ ವಿವೇಕನನ್ನು ಹಿಡಿದಿಟ್ಟ ಸುದ್ದಿ ಕೇಳಿ, ಖೈತಾನಿನಲ್ಲಿದ್ದ ಅವರ ನಾಲ್ಕನೇ ಮಹಡಿಯ ಮನೆಗೆ ಮಾರನೆಯ ದಿನವೇ ಫಹಾಹೀಲಿನಿಂದ ಚನ್ನಪ್ಪ ಬಂದ. ಅವನು ಕಲ್ಲವ್ವನ ಮೈದುನ, ವಿವೇಕನ ಕಾಕಾ. ಮೂವತ್ತು ವರ್ಷ ಕುವೈತಿನಲ್ಲಿ ಬೆಂದವನು, ಗ್ಯಾರೇಜಿನ ಮೇಸ್ತ್ರಿ, ಗೊತ್ತಿಲ್ಲದ ವಿಷಯವೆಂಬುದು ಅವನಿಗೆ ಗೊತ್ತಿರಲಿಲ್ಲ.

“ವೈನಿ, ಎಪ್ಪತ್ತು ವರ್ಷ ಆತು ನಿಮಗ,” ಎಂದು ಚಪ್ಪಲಿ ಬಿಡುವ ಮೊದಲೇ ಶುರು ಹಚ್ಚಿದ. “ಇಂಥಾದ್ದು ತರಾಕ ಮೊದಲ ಯಾರನ್ನರ ಒಂದ ಮಾತ ಕೇಳಬೇಕಿಲ್ಲೋ?”

ಕಲ್ಲವ್ವ ಸೆರಗು ಎಳೆದುಕೊಂಡಳು. “ತಪ್ಪಾತು ಚನ್ನಪ್ಪ.”

ಶೈಲಾ ಅಲ್ಲೇ ನಿಂತಿದ್ದಳು. ಸುಮ್ಮನಿದ್ದಿದ್ದರೆ ಇಷ್ಟು ಸುಡುತ್ತಿರಲಿಲ್ಲವೇನೋ. ಆದರೆ ಚನ್ನಪ್ಪ ತಿರುಗಿ ತನ್ನ ಮುಖ ನೋಡಿದಾಗ ಅವಳ ಬಾಯಿಂದ ಮಾತು ತಾನಾಗಿ ಬಂತು. “ಹೌದ್ರಿ ಅತ್ತಿ, ಒಂದ ಮಾತು ಕೇಳಿದ್ರ ಆಗ್ತಿತ್ತು.”

ಕಲ್ಲವ್ವ ಸೊಸೆಯ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದಳು. ಶೈಲಾ ಯಾರೂ ಕೇಳದ ಚಹ ಮಾಡಲು ಒಳಗೆ ಹೋದಳು. ಅಂದೇ ಸಂಜೆ ತನ್ನ ಫೋನಿನಿಂದ ಆ ಸಂದೇಶವನ್ನು ಅಳಿಸಿ ಹಾಕಿದಳು. ಅತ್ತೆಯ ಫೋನಿನಲ್ಲಿ ಅದು ಇದ್ದೇ ಇತ್ತು, ಅಲ್ಲಿಗೆ ಕೈಹಾಕಲು ಧೈರ್ಯ ಬರಲಿಲ್ಲ.

ವಕೀಲರನ್ನು ಹಿಡಿಯೋಣ ಎಂದರೆ ಚನ್ನಪ್ಪ ಒಪ್ಪಲಿಲ್ಲ. “ವಕೀಲರ ಕಡೆ ಹೋದ್ವಿ ಅಂದ್ರ ತಪ್ಪು ಮಾಡೀವಿ ಅಂತ ನಾವ ಡಂಗುರಾ ಸಾರಿದಂಗ. ನನಗ ವೀಸಾ ಕೊಟ್ಟ ಕಫೀಲನ ತಮ್ಮ ದೊಡ್ಡ ಮನಷ್ಯಾ ಅದಾನ. ಒಂದ ಫೋನು, ಖಲಾಸ್.”

“ಯಾವಾಗ ಮಾಡ್ತಾರ್ರಿ ಕಾಕಾ?”

“ಬುಕ್ರಾ ಅಂದಾರ.”

ನಾಳೆ ಎಂಬ ಈ ಅರಬ್ಬಿ ಮಾತನ್ನು ನಂಬಿ ಹನ್ನೆರಡು ದಿನ ಹೋದವು. ಕಫೀಲನ ತಮ್ಮ ಲಂಡನ್ನಿಗೆ ಹೋಗಿದ್ದಾನೆಂದು ಹದಿಮೂರನೆಯ ದಿನ ತಿಳಿಯಿತು.

ಈ ನಡುವೆ ವಿವೇಕನಿಂದ ಒಂದೇ ಒಂದು ಕರೆ ಬಂತು. ಆ ಕಡೆ ಯಾರೋ ಅವಸರ ಮಾಡುತ್ತಿರುವುದು ಕೇಳಿಸುತ್ತಿತ್ತು.

“ಯಾರ ಚೀಲ ಅಂತ ಕೇಳಿದ್ರು. ನಂದು ಅಂದೆ. ಅರಬ್ಬಿಯೊಳಗ ಬರಕೊಂಡ್ರು, ಸಹಿ ಮಾಡಿದೆ.”

“ನಿಮ್ಮದಲ್ಲಲ್ರಿ ಅದು!”

“ಅವ್ವನ ಚೀಲ ನಂದಲ್ಲೇನು? ಆಕಿ ಯಾರ ಮುಂದ ನಿಲ್ತಾಳ ಇಲ್ಲಿ? ಒಂದ ಅಕ್ಷರಾ ತಿಳಿಯೂದಿಲ್ಲ.” ಸ್ವಲ್ಪ ತಡೆದು ಹೇಳಿದ, “ಆಕಿಗ್ಯಾಕ ಬಂತೋ ಈ ಬುದ್ಧಿ. ಏನೂ ಅನಬ್ಯಾಡ ಮತ್ತ ಆಕಿಗೆ.”

ತಾಯಿಯ ಚೀಲವನ್ನು ಮಗ ನನ್ನದು ಎನ್ನುವುದು ನಮ್ಮ ಕಡೆ ಸುಳ್ಳಲ್ಲ. ಬಸ್ಸಿನ ಕಂಡಕ್ಟರ್ ಕೇಳಿದರೂ ಹಾಗೇ ಹೇಳುತ್ತಾರೆ. ಕುವೈತಿನ ಕಾಗದದ ಮೇಲೆ ಅದು ತಪ್ಪೊಪ್ಪಿಗೆಯಾಗಿತ್ತು. ನಾ ತರಿಸಿದ್ದು ರೀ ಎಂದು ಹೇಳಲು ಶೈಲಾ ಬಾಯಿ ತೆರೆಯುವಷ್ಟರಲ್ಲಿ ಕರೆ ಕಡಿಯಿತು. ನಿಜ ಹೇಳಬೇಕೆಂದರೆ, ಕಡಿದದ್ದು ಅವಳಿಗೆ ಸಮಾಧಾನವನ್ನೇ ತಂದಿತು. ಆ ಸಮಾಧಾನಕ್ಕೆ ಅವಳು ತನ್ನನ್ನು ಕ್ಷಮಿಸಿಕೊಳ್ಳಲಿಲ್ಲ.

ಸಂಘದ ವಾಟ್ಸಾಪ್ ಗುಂಪು ಒಮ್ಮೆಲೇ ಮೂಕವಾಯಿತು. ಆ ವಾರ ಖೈತಾನಿನಿಂದ ಫಹಾಹೀಲಿನವರೆಗೆ ಎಷ್ಟು ಕನ್ನಡ ಅಡುಗೆಮನೆಗಳ ಸಿಂಕಿನಲ್ಲಿ ಗಸಗಸೆ ಹರಿದುಹೋಯಿತೋ ದೇವರೇ ಬಲ್ಲ. ಏನಾಯಿತು ಎಂದು ಕೇಳಲು ಒಬ್ಬರೂ ಮನೆಗೆ ಬರಲಿಲ್ಲ. ಹತ್ತನೆಯ ದಿನ ಕಾರ್ಯದರ್ಶಿಯ ಸಂದೇಶವೊಂದು ಬಂತು, ಕರ್ಜಿಕಾಯಿಯ ಮೇಜನ್ನು ಈ ಸಲ ಭೇಲ್‌ಪುರಿಗೆ ಕೊಡಲಾಗಿದೆ ಎಂದು. ಶೈಲಾ ಕೈಮುಗಿಯುವ ಚಿತ್ರವನ್ನು ಕಳಿಸಿದಳು.

ಅವಳು ಅಲ್ಲಿನ ಭಾರತೀಯ ಶಾಲೆಯೊಂದರಲ್ಲಿ ಮೂರನೇ ತರಗತಿಗೆ ಗಣಿತ ಹೇಳುತ್ತಿದ್ದಳು. ಸ್ಟಾಫ್ ರೂಮಿನಲ್ಲಿ ಅವಳು ಬಂದರೆ ಮಾತು ನಿಲ್ಲುತ್ತಿತ್ತು. ಮನೆಯಲ್ಲಂತೂ ಮೂವರು ಹೆಂಗಸರು ಮೂರು ದಿಕ್ಕು. ಡಾನಿ ಕಿವಿಗೆ ಹೆಡ್‌ಫೋನು ಸಿಕ್ಕಿಸಿ ಕೂತುಬಿಡುವಳು. ಕಲ್ಲವ್ವ ಬೆಳಗ್ಗೆ ಎದ್ದು ರೊಟ್ಟಿ ಬಡಿದು, ಕಿಟಕಿಯ ಬಳಿ ಕೂತು ಕೆಳಗಿನ ಕಾರುಗಳನ್ನು ನೋಡುವಳು. ಮಾತಾಡಲು ಆಕೆಗೆ ಯಾರೂ ಇರಲಿಲ್ಲ. ಶೈಲಾಳಿಗೆ ಇದ್ದರೂ ಆಡುವ ಹಾಗಿರಲಿಲ್ಲ.

“ಆಯಿ ಇಸ್ ನಾಟ್ ಈಟಿಂಗ್,” ಎಂದಳು ಒಂದು ದಿನ ಡಾನಿ, ಅಜ್ಜಿಯ ತಟ್ಟೆ ತೋರಿಸಿ.

“ಯಾಕ್ರಿ ಅತ್ತಿ?”

“ಹಸಿವಿಲ್ಲವ್ವ. ಅಲ್ಲಿ ಅಂವಗ ರೊಟ್ಟಿ ಕೊಡ್ತಾರೋ ಇಲ್ಲೋ?”

“ಖುಬ್ಬೂಸ್ ಕೊಡ್ತಾರಂತ. ಅದೂ ರೊಟ್ಟಿಯಂಗ ಇರ್ತದ.”

“ಮೆತ್ತಗಿನ್ದು ಅಂವಗ ಸೇರೂದಿಲ್ಲ,” ಎಂದಳು ಕಲ್ಲವ್ವ.

ಹದಿನಾಲ್ಕನೆಯ ದಿನ ಶೈಲಾ ಚನ್ನಪ್ಪನಿಗೆ ತಿಳಿಸದೆ ಸಿಟಿಗೆ ಹೋದಳು. ಶಾಲೆಯ ಬಸ್ಸಿನ ಚಾಲಕ ಡೊಮಿನಿಕ್ ವಕೀಲೆಯೊಬ್ಬಳ ವಿಳಾಸ ಕೊಟ್ಟಿದ್ದ. ಎಲ್ಲರೂ ದೂರ ಸರಿದಾಗ ಹತ್ತಿರ ಬಂದವನು ಅವನೊಬ್ಬನೇ. ವಕೀಲೆ ಕುವೈತಿನ ಹೆಂಗಸು, ಐವತ್ತರ ಆಸುಪಾಸು, ಮಾತು ಕಡಿಮೆ. ಆಕೆಯ ಕಚೇರಿಯಲ್ಲಿ ಭಾಷಾಂತರಕ್ಕಿದ್ದವನು ಬಂಟ್ವಾಳದ ಕಡೆಯ ಅನ್ಸಾಫ್.

“ಕನ್ನಡದವರಾ ಅಕ್ಕ? ಕೂತ್ಕೊಳ್ಳಿ, ಮೊದಲು ನೀರು ಕುಡೀರಿ,” ಎಂದ. ಎರಡು ವಾರದಲ್ಲಿ ಅವಳಿಗೆ ಕೂತುಕೋ ಎಂದವರು ಯಾರೂ ಇರಲಿಲ್ಲ. ಶೈಲಾಳಿಗೆ ಅಳು ಬಂತು, ಅಲ್ಲೇ ಅತ್ತಳು. ಅನ್ಸಾಫ್ ಮೇಜಿನ ಮೇಲಿನ ಕಾಗದಗಳನ್ನು ಜೋಡಿಸುತ್ತ ಕಾದ.

ಫೀಸಿಗೆ ಡಾನಿಯ ಕಾಲೇಜಿಗೆಂದು ಇಟ್ಟಿದ್ದರಲ್ಲಿ ಅರ್ಧ ಹೋಯಿತು. ವಕಾಲತ್ತಿಗೆ ವಿವೇಕನ ಸಹಿ ತರಿಸಿ, ಕಡತ ಓದಿ, ವಕೀಲೆ ಕರೆಸುವಷ್ಟರಲ್ಲಿ ಮತ್ತೊಂದು ವಾರ ಕಳೆಯಿತು.

“ಮೇಡಂ ಹೇಳ್ತಾರೆ, ಕೇಸು ಸುಲಭ ಇಲ್ಲ,” ಎಂದ ಅನ್ಸಾಫ್. “ಮಾದಕ ವಸ್ತು ತಂದದ್ದು ಅಂತ ಹಾಕಿದ್ದಾರೆ. ಚೀಲ ನನ್ನದು ಅಂತ ಅವರೇ ಸಹಿ ಮಾಡಿದ್ದು ಉಂಟಲ್ಲ. ಅದರ ಜತೆ ಒಣ ಬ್ರೆಡ್ಡು ನಲವತ್ತು ಅಂತ ಬರೆದಿದ್ದಾರೆ. ಅದೆಂತದು?”

“ಖಡಕ್ ರೊಟ್ಟಿ.”

“ಹಾಂ. ಅದರೊಳಗೆ ಅಡಗಿಸಿ ಇಟ್ಟದ್ದು ಅಂತ. ನಿಜವಾಗಿ ಚೀಲ ಯಾರದ್ದು, ಯಾರಿಗೆ ತಂದದ್ದು, ಅದನ್ನು ತೋರಿಸಿದ್ರೆ ಮಾತ್ರ ದಾರಿ ಉಂಟು. ಶನಿವಾರ ಅಜ್ಜಿಯನ್ನು ಕರ್ಕೊಂಡು ಬನ್ನಿ.”

ಸುದ್ದಿ ಕೇಳಿ ಚನ್ನಪ್ಪ ಓಡಿಬಂದ. ಬಂದವನು ಊಟಕ್ಕೆ ಕೂತರೂ ಬೈಗುಳ ನಿಲ್ಲಿಸಲಿಲ್ಲ.

“ಮಗನ್ನ ಬಿಡಸಾಕ ಹೋಗಿ ತಾಯಿನ್ನ ಒಳಗ ಹಾಕಸ್ತಿಯೇನು? ವೈನಿ ಬಾಯಿಬಿಟ್ಟರ ಅವರನ್ನೂ ಹಿಡೀತಾರ.”

“ಹಿಡೀಲಿ,” ಎಂದಳು ಕಲ್ಲವ್ವ. ಐದಾರು ದಿನದಲ್ಲಿ ಆಕೆ ಅಷ್ಟು ಗಟ್ಟಿಯಾಗಿ ಆಡಿದ ಮಾತು ಅದೊಂದೇ. “ನನ್ನ ಚೀಲ, ನಾ ತಂದೀನಿ. ನಾ ಹೇಳ್ತೀನಿ.”

“ಯಾರಿಗೆ ತಂದಿ ಅಂತ ಕೇಳಿದ್ರ?”

“ನನಗ. ನಿದ್ದಿ ಬರೂದಿಲ್ಲ, ಅರದು ಹಾಲಿನಾಗ ಕುಡೀತೀನಿ ಅಂತೀನಿ.”

ಚನ್ನಪ್ಪ ಹೋದ ಮೇಲೆ ಅತ್ತೆ ಸೊಸೆ ಇಬ್ಬರೂ ಪಾತ್ರೆ ತೊಳೆಯುತ್ತಿದ್ದರು. ಕಲ್ಲವ್ವ ಸೊಸೆಯ ಕಡೆ ನೋಡದೆ, ಹಾಲ್‌ನಲ್ಲಿದ್ದ ಡಾನಿಗೆ ಕೇಳದ ಹಾಗೆ ಹೇಳಿದಳು. “ನೀ ಅಂಜಬ್ಯಾಡ. ನೀ ಕೇಳಿದ್ದಿ ಅನ್ನೂದು ನನ್ನ ಬಾಯಾಗ ಬರೂದಿಲ್ಲ. ಕೂಸಿಗೆ ತಾಯಿ ಬೇಕು. ನಾ ಇದ್ರೇನು, ಹೋದ್ರೇನು.”

ಶೈಲಾ ನಲ್ಲಿ ನಿಲ್ಲಿಸಿದಳು. ಬ್ಯಾಡ್ರಿ ಅತ್ತಿ ಎನ್ನಬೇಕಿತ್ತು. “ರೊಟ್ಟಿ ಹಂಚು ಹಂಗ ಇಡ್ರಿ, ನಾ ತಿಕ್ಕತೀನಿ,” ಎಂದಷ್ಟೇ ಹೇಳಿದಳು. ತನ್ನ ಹೆಸರು ಬಂದರೆ ಕೆಲಸ ಹೋಗುತ್ತದೆ, ಈ ದೇಶದಲ್ಲಿರಲು ಕೊಟ್ಟ ಇಕಾಮಾ ಹೋಗುತ್ತದೆ, ಗಂಡ ಒಳಗಿರುವಾಗ ತನ್ನನ್ನೂ ಒಯ್ದರೆ ಡಾನಿಯನ್ನು ಯಾರು ನೋಡಿಕೊಳ್ಳಬೇಕು? ಕಾರಣಗಳೇನೋ ಒಂದಕ್ಕಿಂತ ಒಂದು ಗಟ್ಟಿಯಾಗಿದ್ದವು. ಅವು ಅಷ್ಟು ಗಟ್ಟಿಯಾಗಿರುವುದೇ ಅವಳಿಗೆ ನಾಚಿಕೆ ತರುತ್ತಿತ್ತು.

ಶನಿವಾರ ಮೂವರೂ ಹೋದರು. ಡಾನಿಯನ್ನು ಮನೆಯಲ್ಲಿ ಒಬ್ಬಳನ್ನೇ ಬಿಡುವ ಹಾಗಿರಲಿಲ್ಲ. ಜತೆಗೆ ವಕೀಲೆಗೆ ಇಂಗ್ಲಿಷು ಬರುತ್ತಿತ್ತು, ಕಲ್ಲವ್ವನ ಕನ್ನಡ ಬಂಟ್ವಾಳದ ಅನ್ಸಾಫನಿಗೆ ಅರ್ಧಂಬರ್ಧ ದಕ್ಕುತ್ತಿತ್ತು. ಶೈಲಾ ತಾನಾಗಿ ಮುಂದಾಗಲಿಲ್ಲ. ಹಾಗಾಗಿ ಆಯಿಯ ಮಾತನ್ನು ಮೊಮ್ಮಗಳು ಇಂಗ್ಲಿಷಿಗೆ ತಂದಳು.

“ಚೀಲ ನಂದು. ರೊಟ್ಟಿ ಗಂಟು ನಾನ ಕಟ್ಟೀನಿ. ಮಗಗ ಗೊತ್ತಿಲ್ಲ,” ಎಂದಳು ಕಲ್ಲವ್ವ. ವಕೀಲೆ ಬರೆದುಕೊಂಡಳು.

“ಯಾರು ತರಲು ಹೇಳಿದ್ದು?”

“ಯಾರೂ ಹೇಳಿಲ್ಲ. ನಿದ್ದಿಗಂತ ನಾನ ತಂದೆ.”

ವಕೀಲೆ ಪೆನ್ನು ಕೆಳಗಿಟ್ಟು ಅನ್ಸಾಫನ ಕಡೆ ಅರಬ್ಬಿಯಲ್ಲಿ ನಾಲ್ಕು ಮಾತಾಡಿದಳು. ಅವನು ಕತ್ತು ಕೆರೆದುಕೊಂಡ.

“ಅಜ್ಜಿ, ಹಾಗೆ ಹೇಳಿದ್ರೆ ಆಗುದಿಲ್ಲ ಮಾರಾಯ್ರೆ. ನಿದ್ದೆ ಬರ್ಲಿಕ್ಕೆ ತಂದದ್ದು ಅಂದ್ರೆ ಅಮಲಿಗೆ ತಂದದ್ದು ಅಂತ ಆಗ್ತದೆ. ಅದೂ ಒಬ್ಬರಿಗೆ ಅರ್ಧ ಕಿಲೋ. ನಿಮ್ಮನ್ನೂ ಒಳಗೆ ಹಾಕಿ ಅವರನ್ನೂ ಬಿಡ್ಲಿಕ್ಕಿಲ್ಲ. ಅಡುಗೆಗೆ ಅಂತ ಸಾಕ್ಷಿ ಬೇಕು. ಯಾರಾದ್ರೂ ಕೇಳಿದ್ದು, ಬರೆದದ್ದು, ಎಂತದಾದ್ರೂ ಉಂಟಾ?”

“ಇಲ್ಲಪ್ಪ.” ಕಲ್ಲವ್ವನ ಕೈ ತಾನಾಗಿ ಸೊಂಟದ ಸಂಚಿಯ ಮೇಲೆ ಹೋಯಿತು. ಫೋನು ಇದ್ದದ್ದು ಅದರಲ್ಲೇ.

ಶೈಲಾ ಅದನ್ನು ನೋಡಿದಳು. ಮೂರೂವರೆ ವಾರದಿಂದ ಈ ಮುದುಕಿ ತನ್ನ ತಪ್ಪಿಗೆ ಎಲ್ಲರ ಬೈಗುಳ ತಿಂದಿದ್ದಾಳೆ, ಈಗ ಜೈಲನ್ನೂ ತಿನ್ನಲು ಕೂತಿದ್ದಾಳೆ. ತಾನು ಸುಮ್ಮನೆ ಕೂತರೆ ಯಾರಿಗೂ ಎಂದಿಗೂ ಗೊತ್ತಾಗುವುದಿಲ್ಲ.

“ಫೋನು ಕೊಡ್ರಿ ಅತ್ತಿ.”

“ಅದರಾಗ ಏನಿಲ್ಲ.”

“ಕೊಡ್ರಿ.”

“ಹುಚ್ಚಿ, ಸುಮ್ನ ಕೂಡು! ಕೂಸು ಐತಿ ಇಲ್ಲಿ.”

ಶೈಲಾ ಎದ್ದು ಅತ್ತೆಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಫೋನು ತೆಗೆದುಕೊಂಡಳು. ಹುಡುಕುವುದು ಕಷ್ಟವಾಗಲಿಲ್ಲ. ಸೊಸೆಯಿಂದ ಆಕೆಗೆ ಬಂದ ಸಂದೇಶಗಳೇ ಅಷ್ಟು ಕಡಿಮೆ. ಶೈಲಾಳ ಧ್ವನಿ ಆ ತಣ್ಣನೆಯ ಕೋಣೆಯಲ್ಲಿ ನಗುನಗುತ್ತ ಹೇಳಿತು, ಅರ್ಧ ಕಿಲೋ ಗಸಗಸಿ, ರೊಟ್ಟಿ ಗಂಟಿನಾಗ, ಅವರಿಗೆ ಹೇಳಬ್ಯಾಡ್ರಿ, ಸಂಘದವರಿಗೆ ಕರ್ಜಿಕಾಯಿ ಮಾಡಿ ತೋರಸ್ತೀನಿ.

“ಮಮ್ಮಿ?” ಎಂದಳು ಡಾನಿ. ವಕೀಲೆ ಅವಳ ಕಡೆ ನೋಡುತ್ತಿದ್ದಳು, ಭಾಷಾಂತರಕ್ಕೆ.

ಕೊನೆಗೆ ಅನ್ಸಾಫನೇ ಅರಬ್ಬಿಯಲ್ಲಿ ಹೇಳಿದ. ವಕೀಲೆ ಸಂದೇಶವನ್ನು ಇನ್ನೊಮ್ಮೆ ಹಾಕಿಸಿ ಕೇಳಿದಳು, ತಾರೀಖು ಬರೆದುಕೊಂಡಳು.

“ಅಕ್ಕ, ಇದು ಒಳ್ಳೆ ಸಾಕ್ಷಿ,” ಎಂದ ಅನ್ಸಾಫ್ ಮೆಲ್ಲಗೆ. “ತಿಂಡಿಗೆ ತರಿಸಿದ್ದು, ಅವರಿಗೆ ಗೊತ್ತಿಲ್ಲ, ಎರಡೂ ಉಂಟು ಇದರಲ್ಲಿ. ಆದ್ರೆ ಕೇಸಿನಲ್ಲಿ ನಿಮ್ಮ ಹೆಸರು ಬರ್ತದೆ. ಮುಗಿಯುವವರೆಗೆ ದೇಶ ಬಿಡ್ಲಿಕ್ಕಾಗುದಿಲ್ಲ. ಎಂತ ಆಗ್ತದೆ ಅಂತ ಮೇಡಂ ಗ್ಯಾರಂಟಿ ಕೊಡುದಿಲ್ಲ. ಯೋಚನೆ ಮಾಡಿ ಹೇಳಿ.”

“ಬರಕೊಳ್ರಿ,” ಎಂದಳು ಶೈಲಾ.

ಹಿಂದಿರುಗುವಾಗ ಟ್ಯಾಕ್ಸಿಯಲ್ಲಿ ಡಾನಿ ಮುಂದಿನ ಸೀಟಿನಲ್ಲಿ ಕೂತಳು. “ಯು ಲೆಟ್ ಎವ್ರಿಒನ್ ಶೌಟ್ ಎಟ್ ಆಯಿ,” ಎಂದು ಕಿಟಕಿಗೆ ಹೇಳಿದಳು. ಶೈಲಾ ಹೌದು ಎಂದಳು. ಬೇರೆ ಹೇಳುವಂಥದ್ದು ಏನಿತ್ತು?

ಮುಂದಿನ ದಿನಗಳು ಕಚೇರಿಯ ಬೆಂಚುಗಳ ಮೇಲೆ ಕಳೆದವು. ಮೊದಲು ಕಲ್ಲವ್ವನ ಹೇಳಿಕೆ, ಆಮೇಲೆ ಶೈಲಾಳದ್ದು. ವಯಸ್ಸು ನೋಡಿ ಕಲ್ಲವ್ವನನ್ನು ಮನೆಗೆ ಕಳಿಸಿದರು, ಪಾಸ್‌ಪೋರ್ಟು ಇಟ್ಟುಕೊಂಡರು. ಶೈಲಾಳನ್ನು ಒಂದು ಹಗಲೆಲ್ಲ ಕೂರಿಸಿಕೊಂಡು ಸಂಜೆಗೆ ಜಾಮೀನಿನ ಮೇಲೆ ಬಿಟ್ಟರು. ಶಾಲೆಯವರು ಕೇಸು ಮುಗಿಯುವವರೆಗೆ ಬರಬೇಡಿ ಎಂದು ಸಭ್ಯವಾಗಿ ಪತ್ರ ಕೊಟ್ಟರು. ಚನ್ನಪ್ಪ ಫೋನಿನಲ್ಲಿ ಕೂಗಾಡಿ, ಕೊನೆಗೆ ತಾನೇ ಬಂದು ಜಾಮೀನಿಗೆ ಸಹಿ ಹಾಕಿದ. ಸಹಿ ಹಾಕಿದವನು ಶೈಲಾಳ ಕಡೆ ತಿರುಗಿ ನೋಡಲಿಲ್ಲ. ವೈನಿಯ ಕಾಲು ಮುಟ್ಟಿ ನಮಸ್ಕಾರ ಮಾಡಿ ಹೋದ.

ಐದನೇ ವಾರದ ಕೊನೆಗೆ ವಿವೇಕನಿಗೂ ಜಾಮೀನು ಸಿಕ್ಕಿತು. ವಿಚಾರಣೆ ಇನ್ನೂ ಬಾಕಿಯಿತ್ತು, ಈಗ ಅದರಲ್ಲಿ ಮೂರು ಹೆಸರು. ಅವನು ಇಳಿದುಹೋಗಿದ್ದ, ಗಡ್ಡದಲ್ಲಿ ಬಿಳಿ ಕಾಣುತ್ತಿತ್ತು. ಬಾಗಿಲಲ್ಲೇ ತಾಯಿ ಅವನ ಮುಖ ಸವರಿ ಲಟಿಗೆ ಮುರಿದಳು. ಡಾನಿ ಅಪ್ಪನನ್ನು ತಬ್ಬಿ ಬಿಡಲೇ ಇಲ್ಲ. ಶೈಲಾ ಅವರ ಹಿಂದೆ ನಿಂತಿದ್ದಳು. ಅವನ ಕಣ್ಣು ಅವಳ ಹೆಗಲ ಮೇಲಿಂದ ಹಾದು ಅಡುಗೆಮನೆಯ ಕಡೆ ಹೋಯಿತು. ಆ ಧ್ವನಿ ಸಂದೇಶವನ್ನು ಅಧಿಕಾರಿಯ ಮೇಜಿನ ಮುಂದೆ ಅವನಿಗೂ ಕೇಳಿಸಿದ್ದರೆಂದು ಅನ್ಸಾಫ್ ಆಗಲೇ ಹೇಳಿದ್ದ. ಕೇಳಿದ ಮೇಲೆ ಎರಡು ಮೂರು ಸಲ ನೀರು ಕೇಳಿದನಂತೆ.

ಸ್ನಾನ ಮುಗಿಸಿ ಊಟಕ್ಕೆ ಕೂತ. ಕಲ್ಲವ್ವ ಬಿಸಿ ರೊಟ್ಟಿ ಹಾಕಿದಳು, ಬದನೆಕಾಯಿ ಪಲ್ಯ ಹಾಕಿದಳು. ಅವನು ತಾಯಿಗೆ ಅಲ್ಲಿಯ ಊಟದ ವಿಚಾರ ಹೇಳಿದ, ಪಕ್ಕದಲ್ಲಿ ಮಲಗುತ್ತಿದ್ದ ಈಜಿಪ್ಟಿನವನ ಗೊರಕೆಯ ವಿಚಾರ ಹೇಳಿ ಮಗಳನ್ನು ನಗಿಸಿದ. ಶೈಲಾ ಅನ್ನ ಬಡಿಸಿ ಸಾರು ಹಾಕುತ್ತಿದ್ದಳು. ಐದು ವಾರ ಅವನಿಲ್ಲದ ಮನೆಯಲ್ಲಿ ಅವಳು ಒಂಟಿಯಾಗಿದ್ದಳು, ಆದರೆ ಅವನು ಬರುತ್ತಾನೆಂಬುದೊಂದು ಇತ್ತು. ಈಗ ಅವನು ಕೈಯಳತೆಯಲ್ಲಿ ಕೂತಿದ್ದ. ಇಷ್ಟು ಒಂಟಿತನ ಅವಳು ಎಂದೂ ಕಂಡಿರಲಿಲ್ಲ.

ವಿವೇಕ ತಟ್ಟೆಗೆ ಕೈ ಅಡ್ಡ ಹಿಡಿದ. “ದಾನಮ್ಮ, ನಿಮ್ಮವ್ವಗ ಹೇಳು. ಸಾರು ಸಾಕಂತ.”

ಡಾನಿ ಆಯಿಯ ಕಡೆ ನೋಡಿದಳು, ಅಪ್ಪನ ಕಡೆ ನೋಡಿದಳು. ಕೈಯಲ್ಲಿದ್ದ ರೊಟ್ಟಿಯ ತುಂಡನ್ನು ತಟ್ಟೆಗೆ ಹಾಕಿದಳು.

“ನೋ ಪಪ್ಪಾ. ಐ ಆ್ಯಮ್ ನಾಟ್ ಅನ್ಸಾಫ್ ಅಂಕಲ್. ಯು ಟೆಲ್ ಹರ್.”

ಕಲ್ಲವ್ವನಿಗೆ ಮಾತು ತಿಳಿಯದಿದ್ದರೂ ಅರ್ಥವಾಯಿತು. ಮಗನ ತಟ್ಟೆಯನ್ನು ನೋಡುತ್ತ ಕೂತಳು. ಶೈಲಾ ಸೌಟು ಹಿಡಿದುಕೊಂಡೇ ನಿಂತಿದ್ದಳು. ಕ್ಷಮೆ ಕೇಳುವ ಮಾತುಗಳನ್ನು ಅವಳು ಐದು ವಾರ ಜೋಡಿಸಿಟ್ಟಿದ್ದಳು, ಈಗ ಒಂದೂ ನೆನಪಿಗೆ ಬರಲಿಲ್ಲ. ವಿವೇಕ ಅನ್ನವನ್ನು ಬೆರಳಿಂದ ಒತ್ತರಿಸಿದ, ಒತ್ತರಿಸಿದ್ದನ್ನು ಮತ್ತೆ ಹರಡಿದ.

“ಸಾರು ಸಾಕು,” ಎಂದ ಕೊನೆಗೆ, ತಲೆಯೆತ್ತದೆ.

“ಹೂಂ,” ಎಂದಳು ಶೈಲಾ. ಸೌಟನ್ನು ಪಾತ್ರೆಯಲ್ಲಿಟ್ಟು, ತನ್ನ ತಟ್ಟೆ ತರಲು ಒಳಗೆ ಹೋದಳು.